ಗಾಜಿನಲ್ಲಿ ಮಾಗಿದ್ದೋ, ಮರದಲ್ಲಿ ಮಾಗಿದ್ದೋ: ಹಳೇ ಪೋರ್ಟ್ ವೈನ್ ಆರಿಸುವ ಮುನ್ನ

ಈಚೆಗೆ ಮೂವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬರಿಗೆ ಅಪ್ಪನ ಷಷ್ಟ್ಯಬ್ದಿ. ಅಪ್ಪ ಹುಟ್ಟಿದ 1966ನೇ ಇಸವಿಯದ್ದೇ ಒಂದು ಪೋರ್ಟ್ ಬಾಟಲಿ ಬೇಕಂತೆ. ಇನ್ನೊಬ್ಬರು ಲಂಡನ್ನಿನಲ್ಲಿದ್ದಾರೆ. ಎಂಟು ಜನ ಗೆಳೆಯರು ದುಡ್ಡು ಹಾಕಿಕೊಂಡು ಜೀವನದಲ್ಲಿ ಒಂದು ಸಲವಾದರೂ ಹಳೇ ವಿಂಟೇಜ್ ಪೋರ್ಟ್ ಕುಡಿದು ನೋಡಬೇಕು ಎನ್ನುತ್ತಾರೆ. ಮೂರನೆಯವರು ರಜೆಯಲ್ಲಿ ಮೂರು ದಿನ ಪೋರ್ಟೊ ಊರಿಗೆ ಹೋಗುತ್ತಿದ್ದಾರೆ. "ಅಲ್ಲಿ 40 ವರ್ಷದ ಟಾನಿ ಅಂತಾರೆ, ಕೊಲ್ಯೇಟಾ ಅಂತಾರೆ, 1963 ಅಂತಾರೆ. ಯಾವುದಕ್ಕೆ ದುಡ್ಡು ಕೊಡಲಿ?" ಎಂದು ಅವರ ಪ್ರಶ್ನೆ. ಮೂವರಿಗೂ ನಾನು ಕೊಟ್ಟ ಉತ್ತರ ಬೇರೆಬೇರೆ. ಏಕೆಂದು ಹೇಳುವುದಕ್ಕೇ ಇಷ್ಟುದ್ದ ಬರೆಯಬೇಕಾಯಿತು.

ಮೊದಲೇ ಒಂದು ಮಾತು. ನಮ್ಮ ಬಾರ್ ಅಂಗಡಿಗಳ ಕೆಳಗಿನ ಸಾಲಿನಲ್ಲಿ ಕೂತಿರುವ ಅಗ್ಗದ ಸಿಹಿ 'ಪೋರ್ಟ್' ನಿಮ್ಮ ಮನಸ್ಸಿನಲ್ಲಿದ್ದರೆ ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಬೆಂಗಳೂರು ಬ್ಲೂ ದ್ರಾಕ್ಷಿಯಿಂದಲೂ ಅಂಥ ಸಿಹಿ ವೈನ್ ಮಾಡುತ್ತಾರೆ. ಅದಕ್ಕೂ ಇದಕ್ಕೂ ಹೆಸರಿನ ನಂಟು ಮಾತ್ರ. ಅಸಲಿ ಪೋರ್ಟ್ ಬರುವುದು ಪೋರ್ಚುಗಲ್ಲಿನ ಉತ್ತರದ ದೌರೊ ನದಿ ಕಣಿವೆಯಿಂದ. 1756ರಲ್ಲೇ ಅಲ್ಲಿನ ಸರ್ಕಾರ ಈ ಪ್ರದೇಶಕ್ಕೆ ಗಡಿ ಹಾಕಿತ್ತು. ದ್ರಾಕ್ಷಿರಸ ಹುಳಿಯುತ್ತಿರುವಾಗ, ಸಕ್ಕರೆ ಪೂರ್ತಿ ಆಲ್ಕೊಹಾಲಾಗುವ ಮೊದಲೇ, ಶೇ. 77ರಷ್ಟು ಆಲ್ಕೊಹಾಲ್ ಇರುವ ದ್ರಾಕ್ಷಿಯ ಸ್ಪಿರಿಟ್ ಸುರಿದು ಹುದುಗುವಿಕೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಹಾಗಾಗಿ ಸಿಹಿ ಉಳಿಯುತ್ತದೆ, ಆಲ್ಕೊಹಾಲ್ ಶೇ. 20ರ ಆಸುಪಾಸಿಗೆ ಏರುತ್ತದೆ. ಸಾಮಾನ್ಯ ವೈನ್ ಸತ್ತುಹೋಗುವ ವಯಸ್ಸಿನಲ್ಲಿ ಪೋರ್ಟ್ ಇನ್ನೂ ಮಾತಾಡುವುದು ಈ ಎರಡರ ಬಲದಿಂದ, ಜೊತೆಗೆ ದ್ರಾಕ್ಷಿಯ ಒಗರಿನಿಂದ.

ಅಳೆಯುವ ಕೋಲು ಯಾವುದು?

ಎಲ್ಲರೂ ಇಸವಿಯಿಂದ ಶುರುಮಾಡುತ್ತಾರೆ. ನನ್ನ ಪ್ರಕಾರ ಅದು ತಪ್ಪು ತುದಿ. ಮೊದಲು ಕೇಳಿಕೊಳ್ಳಬೇಕಾದ್ದು, ಈ ವೈನ್ ಎಲ್ಲಿ ಮುದುಕಾಯಿತು ಎಂದು. ಗಾಜಿನ ಬಾಟಲಿಯೊಳಗೋ, ಮರದ ಪೀಪಾಯಿಯೊಳಗೋ? ವಿಂಟೇಜ್ ಎಂಬುದು ಬಾಟಲಿಯ ಜಾತಿ; ಟಾನಿ, ಕೊಲ್ಯೇಟಾ ಪೀಪಾಯಿಯ ಜಾತಿ.

ಬಾಟಲಿಯಲ್ಲಿ ಮಾಗುವುದೆಂದರೆ ಭರಣಿಗೆ ತುಂಬಿ ಬಾಯಿ ಬಿಗಿದು ಅಟ್ಟದ ಕತ್ತಲಲ್ಲಿಟ್ಟ ಉಪ್ಪಿನಕಾಯಿಯ ಹಾಗೆ. ಗಾಳಿ ಇಲ್ಲವೆನ್ನುವಷ್ಟು ಕಡಿಮೆ, ಬದಲಾವಣೆ ನಿಧಾನ, ಹಣ್ಣಿನ ನೆನಪು ಬಹಳ ಕಾಲ ಇರುತ್ತದೆ. ಪೀಪಾಯಿಯಲ್ಲಿ ಮಾಗುವುದು ಆಲೆಮನೆಯ ಕೊಪ್ಪರಿಗೆಗೆ ಹತ್ತಿರ. ಬೆಂಕಿಯೊಂದಿಲ್ಲ ಅಷ್ಟೆ. ಮರದ ಸಂದಿನಿಂದ ವರ್ಷವರ್ಷವೂ ಸ್ವಲ್ಪ ಆವಿಯಾಗಿ ಹೋಗುತ್ತದೆ, ಉಳಿದದ್ದು ದಟ್ಟವಾಗುತ್ತ, ಗಾಳಿ ಸೋಕಿ ಕೆಂಪು ಹೋಗಿ ಜೋನಿಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಒಂದೇ ತೋಟದ ಒಂದೇ ವರ್ಷದ ವೈನನ್ನು ಈ ಎರಡು ದಾರಿಯಲ್ಲಿ ಐವತ್ತು ವರ್ಷ ನಡೆಸಿದರೆ ಕೊನೆಗೆ ಸಿಗುವುದು ಎರಡು ಬೇರೆ ಪದಾರ್ಥಗಳು.

ಎರಡನೇ ಪ್ರಶ್ನೆ, ಎಷ್ಟು ಜನ, ಎಷ್ಟು ದಿನದಲ್ಲಿ ಕುಡಿಯುತ್ತೀರಿ? ಪೋರ್ಟ್ ಸುರಿಯುವುದು ತಲೆಗೆ 60-75 ಮಿಲಿ. 750 ಮಿಲಿಯ ಬಾಟಲಿ ಹತ್ತು ಜನಕ್ಕೆ ಆರಾಮಾಗಿ ಸಾಕು. ತೆರೆದ ಹಳೇ ವಿಂಟೇಜ್ ಒಂದೆರಡು ದಿನದ ಅತಿಥಿ. ಮರದಲ್ಲಿ ಮಾಗಿದ್ದು ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತದೆ.

ಮೂರನೆಯದು, ಕೆಟ್ಟರೆ ತಡೆದುಕೊಳ್ಳುತ್ತೀರಾ? ನಾಲ್ಕನೆಯದು, ಬಾಟಲಿ ಎಷ್ಟು ದೂರ ಪ್ರಯಾಣ ಮಾಡಬೇಕು, ಎಂಥ ಮನೆಯಲ್ಲಿ ಕಾಯಬೇಕು? ಬಜೆಟ್ ಐದನೆಯದು. ಅದನ್ನು ಕೊನೆಗಿಟ್ಟದ್ದು ಬೇಕಂತಲೇ, ಏಕೆಂದರೆ ಮೊದಲ ನಾಲ್ಕಕ್ಕೆ ಉತ್ತರ ಸಿಕ್ಕಿದರೆ ದುಡ್ಡಿನ ಲೆಕ್ಕ ತಾನಾಗಿಯೇ ಚಿಕ್ಕದಾಗುತ್ತದೆ.

ವಿಂಟೇಜ್: ಬಾಟಲಿಯೊಳಗಿನ ಅದೃಷ್ಟ

ಒಂದೇ ವರ್ಷದ ಸುಗ್ಗಿ, ಅದೂ ಒಳ್ಳೆಯ ವರ್ಷದ್ದು. ದಶಕಕ್ಕೆ ಮೂರು ಸಲ ಎನ್ನಬಹುದು, ಕಂಪನಿಗಳು 'ಈ ವರ್ಷ ವಿಂಟೇಜ್' ಎಂದು ಘೋಷಿಸುತ್ತವೆ. ಅದಕ್ಕೆ ಪೋರ್ಟ್ ವೈನಿನ ಸರ್ಕಾರಿ ಸಂಸ್ಥೆ ರುಚಿ ನೋಡಿ ಒಪ್ಪಿಗೆ ಕೊಡಬೇಕು. ಸುಗ್ಗಿಯಾದ ಎರಡರಿಂದ ಮೂರು ವರ್ಷದೊಳಗೆ ಸೋಸದೆ ಬಾಟಲಿಗೆ ತುಂಬಿಬಿಡುತ್ತಾರೆ. ಮುಂದಿನ ಕೆಲಸ ಕತ್ತಲೆಯದು.

ಐವತ್ತು ದಾಟಿದ ಒಳ್ಳೆಯ ವಿಂಟೇಜ್ ಹೇಗಿರುತ್ತದೆ? ಬಣ್ಣ ತಿಳಿಗೆಂಪು, ಗ್ಲಾಸಿನ ಅಂಚಿನಲ್ಲಿ ಇಟ್ಟಿಗೆಯ ಛಾಯೆ. ಮೂಗಿಗೆ ಒಣಗಿದ ಗುಲಾಬಿ, ಅಂಜೂರ, ತಂಬಾಕಿನ ಎಲೆ, ಬಹಳ ದಿನ ಮುಚ್ಚಿಟ್ಟ ಮರದ ಪೆಟ್ಟಿಗೆ. ನಾಲಿಗೆಯ ಮೇಲೆ ಸಿಹಿ ಇದೆ, ಆದರೆ ಎಳೆ ಪೋರ್ಟಿನ ಪಾಕದಂಥ ಸಿಹಿಯಲ್ಲ, ತೆಳ್ಳಗೆ ರೇಷ್ಮೆಯಂತೆ ಜಾರುತ್ತದೆ. ಸಕ್ಕರೆ ಎಲ್ಲಿಗೂ ಹೋಗಿರುವುದಿಲ್ಲ, ಆದರೂ ಕಡಿಮೆಯಾದಂತೆ ಅನಿಸುತ್ತದೆ. ಮರದ ಪೋರ್ಟಿನಲ್ಲಿ ಈ ಸೂಕ್ಷ್ಮ ಸಿಗದು. ಇದನ್ನೇ ಹುಡುಕುತ್ತಿದ್ದರೆ ಬೇರೆ ದಾರಿಯಿಲ್ಲ.

ತೊಂದರೆ ಏನೆಂದರೆ, ಈ ವಯಸ್ಸಿನಲ್ಲಿ 'ಒಳ್ಳೆಯ ವೈನ್' ಎಂಬುದಿಲ್ಲ, ಒಳ್ಳೆಯ ಬಾಟಲಿ ಎಂಬುದಷ್ಟೇ ಇದೆ. 1970ರ ವಿಂಟೇಜಿನವರೆಗೂ ಬಹಳಷ್ಟು ಪೋರ್ಟ್ ಪೀಪಾಯಿಯಲ್ಲೇ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಲಂಡನ್, ಬ್ರಿಸ್ಟಲ್‌ನ ವ್ಯಾಪಾರಿಗಳು ಅಲ್ಲಿ ಬಾಟಲಿಗೆ ತುಂಬುತ್ತಿದ್ದರು. ಹಾಗಾಗಿ ಒಂದೇ ಕಂಪನಿಯ 1963ರ ಎರಡು ಬಾಟಲಿಗಳು ಅಣ್ಣತಮ್ಮಂದಿರಾದರೂ ಅವಳಿಗಳಲ್ಲ. ಅದರ ಮೇಲೆ ಅರವತ್ತು ವರ್ಷ ಯಾರ ನೆಲಮಾಳಿಗೆಯಲ್ಲಿ, ಎಂಥ ಸೆಖೆಯಲ್ಲಿ ಇತ್ತೋ ಯಾರು ಬಲ್ಲರು?

ಒಮ್ಮೆ ಹರಾಜಿನಲ್ಲಿ ಅಗ್ಗವಾಗಿ ಸಿಕ್ಕಿತೆಂದು ನಾನೊಂದು ಬಾಟಲಿ ಹಿಡಿದೆ. ಫೋಟೋದಲ್ಲಿ ವೈನಿನ ಮಟ್ಟ ಕತ್ತು ಬಿಟ್ಟು ಭುಜದ ಮಧ್ಯಕ್ಕೆ ಇಳಿದದ್ದು ಕಾಣುತ್ತಲೇ ಇತ್ತು. ಆಸೆಗೆ ಕಣ್ಣಿರಲಿಲ್ಲ. ತೆರೆದಾಗ ಬಂದದ್ದು ಹುಣಸೆ ನೆನೆಸಿದ ನೀರಿಗೆ ನೇಲ್ ಪಾಲಿಶ್ ಬೆರೆಸಿದಂಥ ವಾಸನೆ. ಹೆಂಡತಿ ಮೂಸಿ ನೋಡಿ "ಪಾತ್ರೆ ತೊಳೆಯೋಕಾದರೂ ಆಗತ್ತಾ?" ಎಂದಳು. ಅಂದಿನಿಂದ ನನ್ನ ನಿಯಮ ಒಂದೇ. ಮಟ್ಟ ಕತ್ತಿನಲ್ಲೋ ಕತ್ತಿನ ಬುಡದಲ್ಲೋ ಇರಬೇಕು, ಬಿರಡೆಯ ಸುತ್ತ ಸೋರಿದ ಅಂಟು ಇರಕೂಡದು, ಮಾರುವವರು ಎಲ್ಲಿ ಇಟ್ಟಿದ್ದರೆಂದು ಹೇಳಲು ತಯಾರಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಬೇಡ.

ಇಸವಿಗಳ ವಿಷಯ. 1963 ಎಲ್ಲರ ಬಾಯಲ್ಲಿದೆ, ಬೆಲೆಯಲ್ಲೂ ಆ ಕೀರ್ತಿ ಸೇರಿಕೊಂಡಿದೆ. 1966 ಅದರ ನೆರಳಿನಲ್ಲಿ ಬೆಳೆದ ತಮ್ಮ. ರುಚಿಯಲ್ಲಿ ಹಿಂದೆ ಬಿದ್ದಿಲ್ಲ, ಬೆಲೆ ಸಾಮಾನ್ಯವಾಗಿ ಕಡಿಮೆ. ಮೊದಲ ಸಲ ಕುಡಿಯುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು 1970. ಮೈಕಟ್ಟು ಗಟ್ಟಿ, ಇನ್ನೂ ಹಣ್ಣು ಉಳಿದಿದೆ, ಸಿಗುವುದೂ ಅಷ್ಟು ಕಷ್ಟವಲ್ಲ. 1977 ಮತ್ತೂ ಗಟ್ಟಿ. 1975ರದ್ದು ಮಾತ್ರ ಹಗುರ ಮೈಯ ವರ್ಷ, ಬಹುಪಾಲು ಆಗಲೇ ಇಳಿಮುಖ. ಹೆಸರುಗಳಲ್ಲಿ ಟೇಲರ್, ಫೊನ್ಸೆಕಾ, ಗ್ರಹಾಂ, ಡೌ, ವಾರ್ ಇವು ಹಳೆಯ ನಂಬಿಕೆಯ ಮನೆಗಳು.

ಬೆಲೆ ಅಂಗಡಿಯಿಂದ ಅಂಗಡಿಗೆ ಕುಣಿಯುತ್ತದೆ. ಅಂದಾಜಿಗೆಂದು ಹೇಳುವುದಾದರೆ, ಬ್ರಿಟನ್ನಿನಲ್ಲಿ 1980ರ ದಶಕದ ಒಳ್ಳೆಯ ಮನೆಯ ಬಾಟಲಿ ನೂರು ಪೌಂಡಿನ ಆಚೀಚೆ, 1970 ಅದಕ್ಕಿಂತ ಮೇಲೆ, 1963 ಇನ್ನೂರು ದಾಟಿರುತ್ತದೆ. ಎಂಟು ಜನ ಹಂಚಿಕೊಂಡರೆ ಒಂದು ಒಳ್ಳೆಯ ಊಟದ ಖರ್ಚಿಗಿಂತ ಕಡಿಮೆ. ಒಬ್ಬರೇ ಕೊಂಡು ಒಬ್ಬರೇ ಕುಡಿಯಲು ಹೊರಟರೆ ಮಾತ್ರ ಇದು ದುಬಾರಿ ಹುಚ್ಚು.

ಒಂದೇ ತೋಟದ ವಿಂಟೇಜ್

ದೊಡ್ಡ ಘೋಷಣೆ ಇಲ್ಲದ ವರ್ಷಗಳಲ್ಲಿ ಕಂಪನಿಗಳು ತಮ್ಮ ಅತ್ಯುತ್ತಮ ತೋಟದ ಹಣ್ಣನ್ನು ಮಾತ್ರ ಬಾಟಲಿಗೆ ತುಂಬುತ್ತವೆ. ಟೇಲರ್‌ನವರ ವಾರ್ಜೆಲಾಸ್, ಗ್ರಹಾಂನವರ ಮಾಲ್ವೇದೊಸ್ ಹೀಗೆ ಬಂದವು. ತಯಾರಿಸುವ ರೀತಿ ವಿಂಟೇಜಿನದ್ದೇ, ಬೆಲೆ ಎಷ್ಟೋ ಕಡಿಮೆ, ಬೇಗ ಮಾಗುತ್ತದೆ. ಇಪ್ಪತ್ತೈದು ಮೂವತ್ತು ವರ್ಷದ್ದು ಸಿಕ್ಕರೆ 'ಗಾಜಿನ ಮಾಗು' ಎಂದರೇನೆಂದು ಕಲಿಯಲು ಇದಕ್ಕಿಂತ ಅಗ್ಗದ ಪಾಠಶಾಲೆ ಇಲ್ಲ. ಅರವತ್ತರ ಆ ನವಿರು ಸಿಗದು, ಅದನ್ನು ಇದರಿಂದ ನಿರೀಕ್ಷಿಸಬೇಡಿ.

ತಡವಾಗಿ, ಅಂದರೆ ನಾಲ್ಕರಿಂದ ಆರು ವರ್ಷಕ್ಕೆ, ಬಾಟಲಿಗೆ ತುಂಬುವ ಎಲ್‌ಬಿವಿ (ಲೇಟ್ ಬಾಟಲ್ಡ್ ವಿಂಟೇಜ್) ಎಂಬುದೂ ಇದೆ. ವಾರದ ಕೊನೆಗೆ ಚೆನ್ನ. ಹಳೇ ಪೋರ್ಟಿನ ಮಾತಿನಲ್ಲಿ ಅದಕ್ಕೆ ಜಾಗವಿಲ್ಲ.

ಕೊಲ್ಯೇಟಾ: ಇಸವಿಯೂ ಬೇಕು, ನೆಮ್ಮದಿಯೂ ಬೇಕು ಎನ್ನುವವರಿಗೆ

ಇದೂ ಒಂದೇ ವರ್ಷದ ಸುಗ್ಗಿ, ಆದರೆ ಕನಿಷ್ಠ ಏಳು ವರ್ಷ ಮರದಲ್ಲಿ. ಏಳು ಎಂಬುದು ಕಾನೂನಿನ ಮಾತು. ಪೋರ್ಟೊ ಊರಿನ ಎದುರು ದಡದಲ್ಲಿರುವ ವಿಲಾ ನೋವಾ ದೆ ಗಾಯಾದ ತಂಪು ಗೋದಾಮುಗಳಲ್ಲಿ ನಲವತ್ತು ಐವತ್ತು ವರ್ಷ ಪೀಪಾಯಿಯಲ್ಲಿದ್ದು ಹೊರಬರುವವೂ ಇವೆ. 1638ರಲ್ಲಿ ಶುರುವಾದ ಕೊಪ್ಕೆ ಮನೆ ಇದಕ್ಕೆ ಹೆಸರುವಾಸಿ, ನೀಪೋರ್ಟ್ ಕೂಡ.

ಲೇಬಲ್ಲಿನಲ್ಲಿ ಎರಡು ಇಸವಿ ಇರುತ್ತವೆ. ಒಂದು ಸುಗ್ಗಿಯದು, ಇನ್ನೊಂದು ಬಾಟಲಿಗೆ ತುಂಬಿದ್ದು. ಜನ ಮೊದಲನೆಯದನ್ನೇ ನೋಡಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. 1966ರ ವೈನನ್ನು 1980ರಲ್ಲಿ ತುಂಬಿದ್ದರೆ ಅದು ಮರದಲ್ಲಿ ಕಳೆದದ್ದು ಹದಿನಾಲ್ಕು ವರ್ಷ ಮಾತ್ರ. ಈಚೆಗೆ ತುಂಬಿದ್ದಾದರೆ ಐವತ್ತಕ್ಕೂ ಹೆಚ್ಚು. ಬೇರೆಯದೇ ವೈನ್! ನಾನು ಕೊಳ್ಳುವಾಗ ಎರಡನೇ ಇಸವಿ ಆದಷ್ಟು ಹತ್ತಿರದ್ದಿರಲಿ ಎಂದು ನೋಡುತ್ತೇನೆ. ದಟ್ಟತೆಯೂ ಹೆಚ್ಚು, ಬಿರಡೆಯೂ ಹೊಸದು.

ರುಚಿ? ಅಕ್ರೋಟು, ಸುಟ್ಟ ಸಕ್ಕರೆ, ಒಣಗಿದ ಕಿತ್ತಳೆ ಸಿಪ್ಪೆ, ಕೊನೆಗೆ ನಾಲಿಗೆಯ ಬದಿಯಲ್ಲಿ ಒಂದು ಚುರುಕಾದ ಹುಳಿ. ಈ ಹುಳಿಯೇ ಹಳೇ ಕೊಲ್ಯೇಟಾದ ಜೀವ. ಅದಿಲ್ಲದಿದ್ದರೆ ಬರೀ ಪಾಕ.

ಹುಟ್ಟಿದ ವರ್ಷ ಹುಡುಕುವವರಿಗೆ ಇದರ ದೊಡ್ಡ ಉಪಕಾರ ಇನ್ನೊಂದಿದೆ. 1966ರಲ್ಲಿ ಹುಟ್ಟಿದವರು ಭಾಗ್ಯವಂತರು, ಅವರಿಗೆ ವಿಂಟೇಜೂ ಇದೆ. 1964, 1971, 1974ರವರ ಪಾಲಿಗೆ ದೊಡ್ಡ ಘೋಷಣೆಯೇ ಇಲ್ಲ. ಅಂಥ ವರ್ಷಗಳಲ್ಲೂ ಯಾರೋ ಒಬ್ಬರು ಒಂದಷ್ಟು ಪೀಪಾಯಿ ಎತ್ತಿಟ್ಟಿರುತ್ತಾರೆ.

ವಯಸ್ಸು ಬರೆದ ಟಾನಿ

10, 20, 30, 40 ಎಂದು ಲೇಬಲ್ಲಿನಲ್ಲಿರುವ ಅಂಕಿ ಒಂದೇ ವರ್ಷದ ವೈನಿನ ವಯಸ್ಸಲ್ಲ. ಬೇರೆಬೇರೆ ವರ್ಷಗಳ ಪೀಪಾಯಿಗಳನ್ನು ಬೆರೆಸಿ, ಆ ವಯಸ್ಸಿಗೆ ತಕ್ಕ ಗುಣ ಬಂದಿದೆ ಎಂದು ಸಂಸ್ಥೆಯ ರುಚಿಗಾರರು ಒಪ್ಪಿದಾಗ ಸಿಗುವ ಮುದ್ರೆ. 2022ರಲ್ಲಿ 50 ವರ್ಷದ್ದೂ, 80 ದಾಟಿದ್ದಕ್ಕೆ 'ವೆರಿ ವೆರಿ ಓಲ್ಡ್' ಎಂಬುದೂ ಸೇರಿದವು.

ಇಸವಿಯ ರೋಮಾಂಚನ ಇಲ್ಲಿಲ್ಲ. ಬದಲಿಗೆ ಬೆರೆಸುವವರ ಕೈಚಳಕವಿದೆ, ನಮ್ಮ ಕಾಫಿಪುಡಿ ಅಂಗಡಿಯವರು ಪೀಬರಿಗೆ ಪ್ಲಾಂಟೇಶನ್ ಬೆರೆಸಿ ವರ್ಷವರ್ಷವೂ ಅದೇ ಘಮ ಕೊಡುವ ಹಾಗೆ. ಕೆಟ್ಟ ಬಾಟಲಿ ಸಿಗುವ ಭಯ ಇಲ್ಲವೆನ್ನುವಷ್ಟು ಕಡಿಮೆ. ಸೋಸುವ ರಗಳೆಯಿಲ್ಲ. ಸ್ವಲ್ಪ ತಂಪಾಗಿ ಕುಡಿದರೆ ಚೆನ್ನ.

20ಕ್ಕೂ 40ಕ್ಕೂ ನಡುವೆ ಯಾವುದು? 20ರಲ್ಲಿ ಹಣ್ಣೂ ಅಕ್ರೋಟೂ ಸಮಸಮ, ಬೆಲೆ ಐವತ್ತು ಯೂರೊ ಆಸುಪಾಸು. 40 ದಟ್ಟ, ಖಾರವೆನ್ನಿಸುವಷ್ಟು ಚುರುಕು, ಬೆಲೆ ಮೂರು ಪಟ್ಟು. ಒಂದು ಗುಟುಕು ಕುಡಿದು ಹತ್ತು ನಿಮಿಷ ಸುಮ್ಮನಿರಬಲ್ಲವರಿಗೆ 40. ಹರಟೆ ಹೊಡೆಯುತ್ತ ಎರಡನೇ ಗ್ಲಾಸಿಗೆ ಕೈಚಾಚುವವರಿಗೆ 20. ನನ್ನ ದುಡ್ಡಾದರೆ 20, ಬೇರೆಯವರ ದುಡ್ಡಾದರೆ 40 ಎಂದು ತಮಾಷೆಗೆ ಹೇಳುವುದುಂಟು, ಆದರೆ ಅದು ಪೂರ್ತಿ ತಮಾಷೆಯೂ ಅಲ್ಲ. 30 ಈ ಎರಡರ ನಡುವೆ ಕಳೆದುಹೋಗುತ್ತದೆ ಎಂಬುದು ನನ್ನ ವೈಯಕ್ತಿಕ ತಕರಾರು.

ಎರಡನೇ ಮಹಾಯುದ್ಧ ಮುಗಿದ ವರ್ಷದ್ದು, ಅದಕ್ಕೂ ಹಿಂದಿನವು

1945, 1931, 1927. ಈ ಮೂರು ಅಂಕಿಗಳನ್ನು ಪೋರ್ಟಿನ ಹುಚ್ಚರು ಮಂತ್ರದಂತೆ ಹೇಳುತ್ತಾರೆ. 1931ರ ಕಥೆ ಸ್ವಾರಸ್ಯದ್ದು. ಸುಗ್ಗಿ ಅದ್ಭುತವಾಗಿತ್ತು, ಆದರೆ ಜಗತ್ತೇ ಆರ್ಥಿಕ ಕುಸಿತದಲ್ಲಿತ್ತು, 1927ರ ದಾಸ್ತಾನೇ ಕರಗಿರಲಿಲ್ಲ. ಹೆಚ್ಚಿನ ಕಂಪನಿಗಳು ಘೋಷಿಸಲಿಲ್ಲ. ಘೋಷಿಸಿದ ಕೆಲವರಲ್ಲಿ ಕಿಂಟಾ ದೊ ನೊವಾಲ್ ಒಂದು. ಅವರ ಕಸಿ ಮಾಡದ ಹಳೇ ತಳಿಯ ಬಳ್ಳಿಗಳ ತುಂಡು ನೆಲದಿಂದ ಬಂದ 'ನಾಸಿಯೊನಾಲ್' ಇಂದು ದಂತಕಥೆ. ಅದರ ಬೆಲೆಯಲ್ಲಿ ಕಾರು ಬರುತ್ತದೆ. ಯಾರಾದರೂ ಕರೆದು ಸುರಿದರೆ ಹೋಗಿ, ನಿಮ್ಮ ದುಡ್ಡಿನಲ್ಲಿ ಬೇಡ.

ಅಷ್ಟು ಹಳೆಯದೇ ಬೇಕೆಂದರೆ ಮರದಲ್ಲಿ ಬದುಕಿಬಂದದ್ದು ಹೆಚ್ಚು ಭರವಸೆಯದು. ಟೇಲರ್‌ನವರು 2010ರಲ್ಲಿ ಹೊರತಂದ 1855ರ 'ಸಯನ್' ಪೀಪಾಯಿಯಲ್ಲೇ ಒಂದೂವರೆ ಶತಮಾನ ಕಳೆದದ್ದು. ಬಳ್ಳಿಗಳನ್ನು ನೆಲಸಮ ಮಾಡಿದ ಫಿಲೊಕ್ಸೆರಾ ಕೀಟ ದೌರೊಗೆ ಕಾಲಿಡುವ ಮುಂಚಿನ ವೈನ್ ಅದು. ಇನ್ನು ನೂರು ಎಂಬ ಅಂಕಿಯೇ ನಿಮಗೆ ಮುಖ್ಯ, ಪೋರ್ಟೇ ಆಗಬೇಕೆಂದಿಲ್ಲ ಎಂದಾದರೆ ಅದೇ ಪೋರ್ಚುಗಲ್ಲಿನ ಮದೈರಾ ದ್ವೀಪದ ವೈನ್ ನೋಡಿ. ಬಿಸಿಯಲ್ಲೇ ಮಾಗಿದ ಅದನ್ನು ಕೆಡಿಸುವುದು ಕಷ್ಟ.

ಹಾಗಾದರೆ ಯಾರಿಗೆ ಯಾವುದು?

ಪೋರ್ಟೊಗೆ ಹೊರಟವರಿಗೆ ನಾನು ಹೇಳಿದ್ದು: ಬಾಟಲಿ ಕೊಳ್ಳಬೇಡಿ, ಗ್ಲಾಸು ಕೊಳ್ಳಿ. ನದಿಯ ಆಚೆ ದಡದ ಗಾಯಾದಲ್ಲಿ ಗೋದಾಮಿನಿಂದ ಗೋದಾಮಿಗೆ ನಡೆದೇ ಹೋಗಬಹುದು. 20, 40, ಒಂದು ಹಳೇ ಕೊಲ್ಯೇಟಾ, ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಗುಟುಕರಿಸಿ. ಹಳೇ ವಿಂಟೇಜ್ ಗ್ಲಾಸಿನ ಲೆಕ್ಕದಲ್ಲಿ ಸಿಕ್ಕರೆ ಒಂದು ಮಾತು ಕೇಳಿ, ಬಾಟಲಿ ತೆರೆದದ್ದು ಯಾವತ್ತು? ಇವತ್ತು ಅಥವಾ ನಿನ್ನೆ ಎಂದರೆ ಸರಿ. ತಡವರಿಸಿದರೆ ಟಾನಿಗೆ ಮರಳಿ.

ಲಂಡನ್ನಿನ ಎಂಟು ಗೆಳೆಯರಿಗೆ 1970ರ ವಿಂಟೇಜ್. ಬಾಟಲಿ ದೂರ ಪ್ರಯಾಣ ಮಾಡಬೇಕಿಲ್ಲ, ಕುಡಿಯುವವರಿದ್ದಾರೆ, ಕೆಟ್ಟರೆ ಪೆಟ್ಟು ಎಂಟು ಪಾಲಾಗುತ್ತದೆ. ಜೊತೆಗೆ ಒಂದು 20ರ ಟಾನಿ ಪಕ್ಕಕ್ಕಿರಲಿ ಎಂದೆ. ಮೊದಲ ಬಾಟಲಿ ಕೈಕೊಟ್ಟರೆ ಸಂಜೆ ಹಾಳಾಗದು, ಕೈಕೊಡದಿದ್ದರೆ ಗಾಜಿಗೂ ಮರಕ್ಕೂ ಇರುವ ವ್ಯತ್ಯಾಸ ಒಂದೇ ಮೇಜಿನ ಮೇಲೆ ತಿಳಿಯುತ್ತದೆ.

ಷಷ್ಟ್ಯಬ್ದಿಯವರದ್ದು ಕಷ್ಟದ ಪ್ರಕರಣ. 1966ರ ವಿಂಟೇಜ್ ಇದೆ ನಿಜ, ಆದರೆ ಸಮಾರಂಭ ಮೈಸೂರಿನಲ್ಲಿ. ವಿಮಾನದ ಸಾಮಾನಿನಲ್ಲಿ ಬಂದ ಹಳೇ ವಿಂಟೇಜಿನೊಳಗಿನ ಗಸಿ ಕದಡಿ ಕೆಸರಾಗಿರುತ್ತದೆ. ತಳಕ್ಕಿಳಿಯಲು ಎರಡು ವಾರವಾದರೂ ಅಲುಗಾಡದೆ ನಿಲ್ಲಬೇಕು, ಅದೂ ತಂಪಿನಲ್ಲಿ. ಏಪ್ರಿಲ್ ತಿಂಗಳ ಅಡುಗೆಮನೆಯ ಕಪಾಟು ಅದಕ್ಕೆ ಜಾಗವಲ್ಲ. ಮನೆಯಲ್ಲಿ ಕುಡಿಯುವವರು ಅಪ್ಪ ಮತ್ತು ಒಬ್ಬ ಚಿಕ್ಕಪ್ಪ, ಇಬ್ಬರೇ. ಇಷ್ಟು ಕೇಳಿದ ಮೇಲೆ 1966ರದ್ದೇ, ಈಚೆಗೆ ಬಾಟಲಿಗೆ ತುಂಬಿದ ಕೊಲ್ಯೇಟಾ ಹುಡುಕಿ ಎಂದೆ. ವಿದೇಶದಿಂದ ಬರುವವರು ಸುಂಕವಿಲ್ಲದೆ ತರಬಹುದಾದ ಎರಡು ಲೀಟರಿನೊಳಗೆ ಸಲೀಸಾಗಿ ಬರುತ್ತದೆ. ಬಂದ ದಿನವೇ ತೆರೆಯಬಹುದು. ಅಪ್ಪ ರಾತ್ರಿಗೊಂದು ಚಿಕ್ಕ ಗ್ಲಾಸಿನಂತೆ ತಿಂಗಳಿಡೀ ಷಷ್ಟ್ಯಬ್ದಿ ಆಚರಿಸಿಕೊಳ್ಳಬಹುದು. ಸಿಗದಿದ್ದರೆ 40ರ ಟಾನಿ.

ವಿಂಟೇಜೇ ಆರಿಸಿದ್ದರೆ

ಎರಡು ದಿನ ಮುಂಚೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಹಳೇ ಬಾಟಲಿಗಳ ಮೇಲೆ ಒಂದು ಬಿಳಿ ಬಣ್ಣದ ಗೀಟು ಕಾಣುತ್ತದೆ, ಕೊಳೆಯೆಂದು ಉಜ್ಜಬೇಡಿ. ಮಲಗಿಸಿದಾಗ ಯಾವ ಮಗ್ಗುಲು ಮೇಲಿತ್ತೆಂಬ ಗುರುತು ಅದು, ಗಸಿ ಅದರ ಎದುರು ಮಗ್ಗುಲಿಗೆ ಅಂಟಿರುತ್ತದೆ. ಬಿರಡೆ ಮುರಿಯುತ್ತದೆ, ಮುರಿಯುತ್ತದೆಂದೇ ಸಿದ್ಧರಾಗಿ. ಕಾದ ಇಕ್ಕಳದಿಂದ ಕತ್ತನ್ನೇ ಕತ್ತರಿಸುವ ಪದ್ಧತಿ ಪೋರ್ಟೊದಲ್ಲಿದೆ, ನೋಡಲು ಚೆಂದ, ಮನೆಯಲ್ಲಿ ಬೇಡ. ನಾವು 1970ರದ್ದೊಂದನ್ನು ತೆರೆದಾಗ ಬಿರಡೆಯ ಮೇಲರ್ಧ ಕೈಗೆ ಬಂತು, ಕೆಳಗಿನರ್ಧ ವೈನಿನೊಳಗೆ ಪುಡಿಯಾಯಿತು. ಚೂರುಗಳನ್ನು ಚಮಚದಿಂದ ತೆಗೆದು ತೊಳೆದು ಜೋಡಿಸಿ ನೋಡಿದರೆ ಇಸವಿಯ ಅಚ್ಚು ಮಸುಕಾಗಿ ಕಾಣುತ್ತಿತ್ತು. ಲೇಬಲ್ ಹರಿದ ಬಾಟಲಿಗೆ ಅದೇ ಜಾತಕ, ಎಸೆಯುವ ಮೊದಲು ಓದಿ.

ಸೋಸಲು ಹಳೇ ಮಲ್ಲು ಪಂಚೆಯ ತುಂಡು ಸಾಕು. ಬರೀ ಬಿಸಿನೀರಲ್ಲಿ ತೊಳೆದಿರಬೇಕು, ಸಾಬೂನಿನ ವಾಸನೆ ಇದ್ದರೆ ಅರವತ್ತು ವರ್ಷ ನೀರುಪಾಲು. ಕತ್ತಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ಕೈ ನಡುಗಿಸದೆ, ಒಂದೇ ಧಾರೆಯಲ್ಲಿ ಜಗ್ಗಿಗೆ ಸುರಿಯಿರಿ. ಕಪ್ಪು ಎಳೆಯೊಂದು ಹೊಗೆಯಂತೆ ಕತ್ತಿಗೆ ಬಂದ ಕ್ಷಣ ನಿಲ್ಲಿಸಿ. ಐವತ್ತು ದಾಟಿದ್ದನ್ನು ಗಂಟೆಗಟ್ಟಲೆ ಗಾಳಿಗೆ ಬಿಡಬೇಕಿಲ್ಲ, ಗ್ಲಾಸಿನಲ್ಲೇ ಅರಳಲು ಬಿಡಿ. ಬೆಂಗಳೂರಿನ ಚಳಿಗಾಲದ ರಾತ್ರಿಯ ತಂಪು, ಅಂದರೆ 16-18 ಡಿಗ್ರಿ, ಅದಕ್ಕೆ ಹಿತ. ಪಕ್ಕಕ್ಕೆ ಅಕ್ರೋಟು, ಉಪ್ಪುಪ್ಪಾದ ಚೀಸ್. ಮೈಸೂರ್ ಪಾಕ್ ಇಟ್ಟು ನೋಡಿದ್ದೇನೆ, ಎರಡೂ ಜಗಳವಾಡಿದವು.

ತಳದಲ್ಲಿ ಫಿಲ್ಟರಿನ ಚರಟದಂತೆ ಉಳಿಯುವ ಅರ್ಧ ಲೋಟವನ್ನು ಚೆಲ್ಲಬೇಡಿ. ಇನ್ನೊಮ್ಮೆ ಬಟ್ಟೆಯಲ್ಲಿ ಸೋಸಿ, ಕ್ರಿಸ್‌ಮಸ್ ಕೇಕಿಗೆಂದು ಒಣದ್ರಾಕ್ಷಿ ನೆನೆಹಾಕಿದ ಡಬ್ಬಿಗೆ ಸುರಿಯಿರಿ.